ಬಾಯಿಯ ಹುಣ್ಣಿಗೆ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಕೇಳುತ್ತದೆ. ಬಾಯಿಯೊಳಗಿನ ಹುಣ್ಣಿಗಾದರೋ ಕನ್ನಡಿಯೂ ಬೇಕು, ಒಂದು ಟಾರ್ಚೂ ಬೇಕು. ಹೊಟ್ಟೆಯೊಳಗಿನ ಕ್ಯಾನ್ಸರನ್ನು ಪತ್ತೆ ಮಾಡಲು ದೊಡ್ಡ ಉಪಕರಣಗಳು ಅಗತ್ಯ. ಬಾಯಿಯ ಕ್ಯಾನ್ಸರಿನ ಸುಳಿವು ಮಾತ್ರ ಬರಿಗಣ್ಣಿಗೇ ಸಿಗುತ್ತದೆ. ಆದರೂ ನಮ್ಮ ದೇಶದ ಹೆಚ್ಚಿನ ರೋಗಿಗಳು ವೈದ್ಯರ ಬಳಿಗೆ ಬರುವುದು ರೋಗ ಬಲಿತ ಮೇಲೆಯೇ. 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 43 ಸಾವಿರ ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದಿತೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ.

ನೋವಿಲ್ಲದ ಮಚ್ಚೆ

ಈ ವಿಳಂಬಕ್ಕೆ ಕಾರಣವೇನು? ಆರಂಭದಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಅಥವಾ ನಾಲಿಗೆಯ ಅಂಚಿನಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆಯೊಂದು ಮೂಡಬಹುದು. ಕೆಂಪು ಮಚ್ಚೆ ಇನ್ನೂ ಅಪಾಯಕಾರಿ. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿರುಸಾಗಿ, ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿಯೂ ಬರುವುದುಂಟು. ಇವೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಗಳು.

ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನ್ ಎಂಬ ರಾಸಾಯನಿಕಗಳು ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತವೆ. ಮದ್ಯವೂ ಜೊತೆಗೂಡಿದರೆ ಅಪಾಯ ಹಲವು ಪಟ್ಟು ಏರುತ್ತದೆ. 'ಹೊಗೆಸೊಪ್ಪಿಲ್ಲ, ಬರೀ ಅಡಿಕೆ' ಎಂದು ಸಮಾಧಾನ ಪಡುವಂತಿಲ್ಲ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅದೇ ಸಂಸ್ಥೆ 2004ರ ವರದಿಯಲ್ಲಿ ಸಾರಿತು. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಇದು ಕಹಿಯಾದ ಸತ್ಯ.

ಕೇರಳದ ಪಾಠ

ಬಾಯಿಯನ್ನು ಸುಮ್ಮನೆ ನೋಡುವುದರಿಂದ ಜೀವ ಉಳಿದೀತೇ? ಇದನ್ನು ಪರೀಕ್ಷಿಸಲು 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ಒಂದು ಅಧ್ಯಯನ ಆರಂಭವಾಯಿತು. ಏಳು ಪಂಚಾಯತಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ 35 ವರ್ಷ ದಾಟಿದವರ ಬಾಯಿ ಪರೀಕ್ಷಿಸಿದರು. ಇವರು ವೈದ್ಯರಲ್ಲ. ಉಳಿದ ಆರು ಪಂಚಾಯತಿಗಳನ್ನು ಹೋಲಿಕೆಗಾಗಿ ಇಟ್ಟುಕೊಳ್ಳಲಾಯಿತು. ಮೂರು ಸುತ್ತು ಮುಗಿದ ಮೇಲೆ, 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು, ಪರೀಕ್ಷೆ ನಡೆದ ಊರುಗಳಲ್ಲಿ ಶೇಕಡಾ 34ರಷ್ಟು ಕಡಿಮೆಯಿತ್ತು!

2016ರಲ್ಲಿ ಕೇಂದ್ರ ಸರ್ಕಾರವು 30 ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಬೆರೆಸಿಕೊಳ್ಳುವವರನ್ನು ಕಾನೂನೊಂದೇ ತಡೆಯಲಾರದು.

ಮನೆಯಲ್ಲೇ ಪರೀಕ್ಷೆ

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ತುಟಿಗಳ ಒಳಬದಿ, ಒಸಡು, ಎರಡೂ ಕೆನ್ನೆ, ಅಂಗುಳ, ನಾಲಿಗೆಯ ಮೇಲೆ, ಕೆಳಗೆ, ಅಂಚುಗಳಲ್ಲಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ವೈದ್ಯರಿಗೋ ದಂತವೈದ್ಯರಿಗೋ ತೋರಿಸಿ. ಸಂದೇಹವಿದ್ದರೆ ಅವರು ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷೆಗೆ ಕಳಿಸುತ್ತಾರೆ. ಚಟ ಬಿಟ್ಟರೆ ಕೆಲವು ಮಚ್ಚೆಗಳು ತಾವಾಗಿಯೇ ಮಾಯವಾಗುವುದೂ ಉಂಟು.

ಎಲೆಅಡಿಕೆ ಹಾಕುವ ಅಜ್ಜ, ಅಜ್ಜಿಯರಿಗೆ ಕಣ್ಣು ಮಂಜಾಗಿರಬಹುದು. ಆಗ ಟಾರ್ಚ್ ಹಿಡಿದು 'ಆ' ಅನ್ನಿಸುವ ಕೆಲಸವನ್ನು ಮೊಮ್ಮಕ್ಕಳೇ ವಹಿಸಿಕೊಳ್ಳಲಿ.