ಅಜ್ಜಿಯ ಕಿಡ್ನಿ ಮೊಮ್ಮಗನಿಗೆ ಆಗುತ್ತದೆಯೇ?

"ತಾತ, ಅಜ್ಜಿಯ ಕಿಡ್ನಿ ಹಾಕಿದರೆ ಅದೂ ಅಜ್ಜಿಯಷ್ಟೇ ಹಳೇದಲ್ವಾ?" ಎಂದು ಕುಂದಾಣದ ನಮ್ಮ ಬೀದಿಯ ಏಳನೇ ತರಗತಿ ಹುಡುಗಿ ಮೊನ್ನೆ ಕೇಳಿದಳು. ಅವಳ ನೆಂಟರ ಹುಡುಗನೊಬ್ಬ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾನೆ. ಅಜ್ಜಿ ತನ್ನದನ್ನೇ ಕೊಡುತ್ತೇನೆಂದು ಹಟ ಹಿಡಿದಿದ್ದಾರೆ. ಹುಡುಗಿಯ ಪ್ರಶ್ನೆ ತೂಕದ್ದೇ.

ಮಕ್ಕಳೇ, ಒಂದು ಕಿಡ್ನಿಯಲ್ಲಿ ರಕ್ತ ಸೋಸುವ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ಹುಟ್ಟುವಾಗ ಸಿಕ್ಕಿದ್ದೇ ಅಸಲು. ಆಮೇಲೆ ಖರ್ಚುಂಟು, ಜಮಾ ಇಲ್ಲ. (ಬ್ಯಾಂಕಿನಲ್ಲಿ ಕೂತು ಕೂತು ನನಗೆ ಎಲ್ಲವೂ ಲೆಡ್ಜರಿನಂತೆ ಕಾಣುತ್ತದೆ.) ವಯಸ್ಸು ಒಂದಿಷ್ಟು ಕಳೆಯುತ್ತದೆ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಇನ್ನಷ್ಟು ಕಳೆಯುತ್ತವೆ. ಹಾಗಾಗಿ ವೈದ್ಯರು ವಯಸ್ಸೊಂದನ್ನೇ ನೋಡುವುದಿಲ್ಲ, ಉಳಿದಿರುವುದೆಷ್ಟು ಎಂದು ನೋಡುತ್ತಾರೆ. ಆರೋಗ್ಯವಂತ ಅಜ್ಜಿಯ ಕಿಡ್ನಿ, ಬಿ.ಪಿ. ಇರುವ ಐವತ್ತರವರ ಕಿಡ್ನಿಗಿಂತ ಮೇಲಾಗಿರಬಹುದು.

2021ರ ಜೂನ್‌ನಲ್ಲಿ ಬೈಕ್ ಅಪಘಾತದಿಂದ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ ಮನೆಯವರು ಅಂಗದಾನಕ್ಕೆ ಒಪ್ಪಿದ್ದು ನೆನಪಿದೆಯಲ್ಲವೇ? ಹಾಗೆ ತೀರಿಕೊಂಡವರಿಂದ ಬರುವ ಕಿಡ್ನಿಗೆ ಮತ್ತೊಂದು ಗಂಡಾಂತರವಿದೆ. ರಕ್ತ ಹರಿಯದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದು ಗಂಟೆಗಟ್ಟಲೆ ಕಾಯಬೇಕು. ಎಷ್ಟು ತಡವಾದರೆ ಅಷ್ಟು ಪೆಟ್ಟು. ಆಂಬುಲೆನ್ಸ್‌ಗೆ ಪೊಲೀಸರು ದಾರಿ ಬಿಡಿಸುವುದು ಇದಕ್ಕೇ. ಜೋಡಿಸಿದ ಮೇಲೂ ಅಂಥ ಕಿಡ್ನಿ ಕೆಲವೊಮ್ಮೆ ಕೂಡಲೇ ಎಚ್ಚರಗೊಳ್ಳದೆ, ಮೊದಲ ವಾರ ಡಯಾಲಿಸಿಸ್ ಮುಂದುವರಿಸಬೇಕಾಗುತ್ತದೆ. ಬಹಳಷ್ಟು ಕಿಡ್ನಿಗಳು ಚೇತರಿಸಿಕೊಳ್ಳುತ್ತವೆ. ಆದರೆ ಹೀಗೆ ತಡವಾಗಿ ಶುರುವಾದವುಗಳ ಆಯಸ್ಸು ಸರಾಸರಿಯಲ್ಲಿ ಕಡಿಮೆ. ಬದುಕಿರುವವರು ಕೊಟ್ಟ ಕಿಡ್ನಿ ಸಾಮಾನ್ಯವಾಗಿ ಹೆಚ್ಚು ಬಾಳುವುದಕ್ಕೆ ಈ ಕಾಯುವಿಕೆ ತಪ್ಪುವುದೂ ಒಂದು ಕಾರಣ.

ಮೊದಲ ಮೂರು ತಿಂಗಳು ನಾಜೂಕಿನವು. ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು. ದೇಹ ಹೊಸಬನನ್ನು ಕಳ್ಳನೆಂದುಕೊಂಡು ಅದರ ಮೇಲೆ ಬೀಳಬಹುದು. ಇದಕ್ಕೆ 'ತಿರಸ್ಕಾರ' ಎನ್ನುತ್ತಾರೆ. ಹೊರಗೆ ಏನೂ ಕಾಣುವುದಿಲ್ಲ, ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಬೇಗ ಹಿಡಿದರೆ ಬಹಳ ಸಲ ಸರಿಪಡಿಸಬಹುದು. ಗೊತ್ತಾಗುವುದು ತಡವಾದರೆ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯುತ್ತದೆ. ಆದ್ದರಿಂದಲೇ ಪದೇ ಪದೇ ರಕ್ತಪರೀಕ್ಷೆ, ಹೊತ್ತಿಗೆ ಸರಿಯಾಗಿ ಮಾತ್ರೆ. ಹಬ್ಬವಿರಲಿ, ಪರೀಕ್ಷೆಯಿರಲಿ, ಮಾತ್ರೆಗೆ ರಜೆಯಿಲ್ಲ.

1954ರ ಡಿಸೆಂಬರ್‌ನಲ್ಲಿ ಬೋಸ್ಟನ್ನಿನಲ್ಲಿ ರೊನಾಲ್ಡ್ ಹೆರಿಕ್ ತನ್ನ ಅವಳಿ ಸಹೋದರ ರಿಚರ್ಡ್‌ಗೆ ಕಿಡ್ನಿ ಕೊಟ್ಟ. ಒಂದೇ ಅಚ್ಚಿನ ಅವಳಿಗಳಾದ್ದರಿಂದ ತಿರಸ್ಕಾರದ ಭಯವಿರಲಿಲ್ಲ. ಆದರೂ ರಿಚರ್ಡ್ ಬದುಕಿದ್ದು ಎಂಟು ವರ್ಷ, ಏಕೆಂದರೆ ಹಳೆಯ ಕಾಯಿಲೆಯೇ ಹೊಸ ಕಿಡ್ನಿಗೂ ಬಂತು. ಕೊಟ್ಟ ರೊನಾಲ್ಡ್ ಮಾತ್ರ ಒಂದೇ ಕಿಡ್ನಿಯಲ್ಲಿ ಮುಂದೆ 56 ವರ್ಷ ಬಾಳಿ, 2010ರಲ್ಲಿ ತೀರಿಕೊಂಡ. ಶಸ್ತ್ರಚಿಕಿತ್ಸೆ ಮಾಡಿದ ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಂತು.

ಇನ್ನು ನಮ್ಮ ಅಜ್ಜಿಯ ವಿಷಯ. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ 'ಹತ್ತಿರದ ಸಂಬಂಧಿ'ಗಳ ಪಟ್ಟಿಗೆ ಸೇರಿಸಿತು, ಹಾಗಾಗಿ ಕಾನೂನು ಅಡ್ಡ ಬರುವುದಿಲ್ಲ. ಹಟವೊಂದೇ ಸಾಲದು, ಪರೀಕ್ಷೆಗಳಾಗಬೇಕು: ಬಿ.ಪಿ., ಸಕ್ಕರೆ, ಮೂತ್ರದಲ್ಲಿ ಪ್ರೋಟೀನು, ಎರಡು ಕಿಡ್ನಿಗಳೂ ಬೇರೆಬೇರೆಯಾಗಿ ಎಷ್ಟೆಷ್ಟು ಸೋಸುತ್ತವೆ ಎಂಬುದು. ಎರಡರಲ್ಲಿ ವ್ಯತ್ಯಾಸ ಕಂಡರೆ ಚೆನ್ನಾಗಿರುವುದನ್ನು ಅಜ್ಜಿಗೇ ಉಳಿಸಿ, ಇನ್ನೊಂದನ್ನು ತೆಗೆಯುತ್ತಾರೆ. ಇದನ್ನು ಹೇಳಿದಾಗ ಆ ಹುಡುಗಿಯ ಮುಖ ಸ್ವಲ್ಪ ಹಗುರವಾಯಿತು.