ಬೆಳಕಿನಿಂದ ಎಚ್ಚರಗೊಳ್ಳುವ ಔಷಧ

ಔಷಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಶಕ್ತಿಯನ್ನು ಅಳೆಯುತ್ತಾರೆ. ಅದು ದೇಹದಲ್ಲಿ ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಪ್ರಶ್ನೆ ಅದಕ್ಕಿಂತ ಕಿರಿದಾದುದಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಗಗ್ರಸ್ತ ಜೀವಕೋಶವನ್ನು ಕೊಲ್ಲುವ ವಿಷವು ಆರೋಗ್ಯವಂತ ಜೀವಕೋಶವನ್ನೂ ಬಾಧಿಸುವುದರಿಂದ ಈ ಪ್ರಶ್ನೆ ಜೀವನ್ಮರಣದ್ದಾಗುತ್ತದೆ. ಬೆಳಕನ್ನೇ ಕೀಲಿಕೈಯಾಗಿ ಬಳಸಿದ ಒಂದು ಉತ್ತರದ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಅಕ್ರಿಡೀನ್ ದ್ರಾವಣದಲ್ಲಿಟ್ಟ ಪ್ಯಾರಮೀಸಿಯಂ ಜೀವಿಗಳು ಬೆಳಕಿನಲ್ಲಿ ಬೇಗನೆ ಸಾಯುತ್ತವೆ, ಕತ್ತಲೆಯಲ್ಲಿ ಬಹುಕಾಲ ಬದುಕುತ್ತವೆ ಎಂಬುದನ್ನು ಮ್ಯೂನಿಕ್ ನಗರದ ವಿದ್ಯಾರ್ಥಿ ಆಸ್ಕರ್ ರಾಬ್ ೧೯೦೦ರಲ್ಲಿ ಪ್ರಕಟಿಸಿದನು. ಈ ಕ್ರಿಯೆಗೆ ಆಮ್ಲಜನಕವೂ ಅವಶ್ಯವೆಂಬುದನ್ನು ಆತನ ಗುರು ಹೆರ್ಮನ್ ಫಾನ್ ಟಾಪೈನರ್ ಸಹೋದ್ಯೋಗಿಯೊಡನೆ ತೋರಿಸಿದನು. ಬಣ್ಣವು ಬೆಳಕನ್ನು ಹೀರಿ ಆ ಶಕ್ತಿಯನ್ನು ಆಮ್ಲಜನಕಕ್ಕೆ ವರ್ಗಾಯಿಸುತ್ತದೆ. ಹೀಗೆ ಉದ್ರಿಕ್ತವಾದ ಆಮ್ಲಜನಕವು ಅತ್ಯಲ್ಪ ಕಾಲ ಮಾತ್ರ ಉಳಿದು, ತಾನು ಹುಟ್ಟಿದೆಡೆಯಲ್ಲಿಯೇ ಹಾನಿಮಾಡುತ್ತದೆ.

ಇದರ ಅಪಾಯವನ್ನು ತನ್ನ ದೇಹದ ಮೇಲೆಯೇ ಕಂಡವನು ಜರ್ಮನ್ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಸ್. ೧೯೧೨ರಲ್ಲಿ ಆತನು ೨೦೦ ಮಿಲಿಗ್ರಾಂ ಹೆಮಟೊಪಾರ್ಫಿರಿನ್ ಚುಚ್ಚಿಕೊಂಡನು. ಔಷಧವು ರಕ್ತದೊಡನೆ ದೇಹವನ್ನೆಲ್ಲ ಸಂಚರಿಸಿದ್ದರೂ, ಬಾತುಕೊಂಡದ್ದು ಬಿಸಿಲು ಬಿದ್ದ ಭಾಗಗಳು. ಗುರಿಯನ್ನು ನಿರ್ಣಯಿಸಿದುದು ಔಷಧವಲ್ಲ, ಬೆಳಕು. ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಗರ್ಟಿ ೧೯೭೦ರ ದಶಕದಲ್ಲಿ ಈ ತತ್ತ್ವವನ್ನು ರೋಗಿಗಳ ಚಿಕಿತ್ಸೆಗೆ ಅಳವಡಿಸಿದನು. ೧೯೯೩ರಲ್ಲಿ ಕೆನಡಾ ದೇಶವು ಮೂತ್ರಕೋಶದ ಕ್ಯಾನ್ಸರಿಗೆ ಇಂತಹ ಔಷಧವನ್ನು ಅಂಗೀಕರಿಸಿತು.

ಆದರೆ ಮಾಂಸವನ್ನು ಹೆಚ್ಚು ಆಳಕ್ಕೆ ಹೊಗುವ ಕೆಂಪು ಬೆಳಕಿಗೂ ಸುಮಾರು ಒಂದು ಸೆಂಟಿಮೀಟರಿನಾಚೆ ಬಲವಿಲ್ಲ. ಹೊರಗಿನ ದೀಪ ತಲಪದೆಡೆಗೆ ದೀಪವನ್ನೇ ಒಳಗೆ ಕಳುಹಿಸಬೇಕಾಯಿತು. ಇಲ್ಲಿ ಮೈಕ್ರೋಚಿಪ್ಪು ನೆರವಿಗೆ ಬಂದಿತು. ೧೯೯೯ರಲ್ಲಿ ಸ್ಯಾಂಟಿನಿ, ಸೀಮಾ, ಲ್ಯಾಂಗರ್ ಇವರು ಔಷಧದ ಕುಳಿಗಳಿಗೆ ಚಿನ್ನದ ತೆಳುಪೊರೆ ಹೊದಿಸಿದ ಸಿಲಿಕಾನ್ ಚಿಪ್ಪನ್ನು ಪ್ರಕಟಿಸಿದರು. ವಿದ್ಯುತ್ತು ತಾಗಿದಾಗ ಪೊರೆ ಕರಗಿ ಔಷಧ ಹೊರಬರುತ್ತಿತ್ತು. ೨೦೧೫ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಮಿದುಳಿನೊಳಗೆ ಔಷಧವನ್ನೂ ಬೆಳಕನ್ನೂ ತಂತಿಯಿಲ್ಲದೆಯೇ ಒದಗಿಸುವ ಮೃದುವಾದ ಸೂಕ್ಷ್ಮ ಸಾಧನವನ್ನು ವರದಿಮಾಡಿದರು.

ಇಲಿಯಿಂದ ಮನುಷ್ಯನವರೆಗಿನ ದಾರಿ ಹ್ರಸ್ವವಲ್ಲ. ಕುಳಿಯ ಔಷಧ ಮುಗಿಯುತ್ತದೆ. ಒಳಗಿಟ್ಟ ಯಂತ್ರವು ದೇಹದೊಡನೆ ಹೊಂದಿ ಬಾಳಬೇಕಾಗುತ್ತದೆ. ಆದರೂ ರಾಬನ ಗಾಜಿನ ಪಾತ್ರೆಯಿಂದ ಇಂದಿನ ಚಿಪ್ಪಿನವರೆಗೆ ಪಾಠವೊಂದೇ: ಬೆಳಕು ಬಿದ್ದೆಡೆ ಔಷಧ ಕೊಲ್ಲುವುದೆಷ್ಟು ಮುಖ್ಯವೋ, ಕತ್ತಲೆಯಲ್ಲಿ ಅದು ನಿದ್ರಿಸುವುದೂ ಅಷ್ಟೇ ಮುಖ್ಯ.