ಹಡಗಿನ ಲಂಗರೂ ಕಡಲಡಿಯ ಎಣ್ಣೆಯ ಕೊಳವೆಯೂ

ಬಾವಿಗೆ ಬಿದ್ದ ಕೊಡವನ್ನೆತ್ತಲು ಪಾತಾಳಗರಡಿಯನ್ನು ಇಳಿಬಿಡುವ ವಾಡಿಕೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದರ ಕೊಕ್ಕೆಗಳು ತಳದಲ್ಲಿ ಏನನ್ನು ಹಿಡಿದಿರುವುವೆಂಬುದು ಮೇಲೆ ನಿಂತು ಹಗ್ಗವನ್ನೆಳೆಯುವವರಿಗೆ ಕಾಣದು. ಹಡಗಿನ ಲಂಗರೂ ಹಾಗೆಯೇ. ಆದರೆ ಅದರ ತೂಕವು ಹಲವು ಟನ್ನು, ಅದನ್ನೆಳೆಯುವುದು ಗಾಳಿಗೆ ಸಿಕ್ಕಿದ ಹಡಗು.

ಲಂಗರು ತನ್ನ ಭಾರದಿಂದಲೇ ಹಡಗನ್ನು ನಿಲ್ಲಿಸುವುದೆಂದು ನಾವು ಭಾವಿಸುವುದುಂಟು. ಇದು ಪೂರ್ಣ ನಿಜವಲ್ಲ. ಅದರ ಉದ್ದವಾದ ಸರಪಳಿಯು ಸಮುದ್ರದ ತಳದಲ್ಲಿ ಮಲಗಿ ಅಡ್ಡವಾಗಿ ಎಳೆಯುವುದರಿಂದ, ಲಂಗರಿನ ಮೊನೆಯು ನೇಗಿಲಿನಂತೆ ಕೆಸರಿನಲ್ಲಿ ಹೂತುಕೊಳ್ಳುವುದು. ಬಿರುಗಾಳಿಯು ಹಡಗನ್ನು ದೂಡಿ ಸರಪಳಿಯನ್ನು ಬಿಗಿದು ಮೇಲಕ್ಕೆತ್ತಿದರೆ ಮೊನೆಯು ಕಿತ್ತುಬರುವುದು. ಬಳಿಕ ಹಡಗು ಲಂಗರನ್ನು ಎಳೆದುಕೊಂಡೇ ಸಾಗುವುದು.

ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ 2021ನೆಯ ಇಸವಿಯ ಜನವರಿ 25ರಂದು ಹೀಗೆಯೇ ಆಯಿತು. ಕೊರೋನಾ ವ್ಯಾಧಿಯ ಕಾಲವದು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಹೊರಗೆ ಸರಕಿನ ಹಡಗುಗಳು ಸರದಿ ಕಾಯುತ್ತ ಕಿಕ್ಕಿರಿದಿದ್ದವು. ಬಿರುಗಾಳಿಯಲ್ಲಿ ಎಂಎಸ್‌ಸಿ ಡ್ಯಾನಿಟ್, ಬೀಜಿಂಗ್ ಎಂಬ ಎರಡು ಹಡಗುಗಳ ಲಂಗರುಗಳು ಸರಿದು, ಸುಮಾರು 100 ಅಡಿ ಆಳದಲ್ಲಿದ್ದ ಎಣ್ಣೆಯ ಕೊಳವೆಗೆ ತಗುಲಿದವು. 16 ಅಂಗುಲ ವ್ಯಾಸದ ಉಕ್ಕಿನ ಕೊಳವೆ. ಮೇಲೆ ಕಾಂಕ್ರೀಟಿನ ಹೊದಿಕೆ ಬೇರೆ. ಆದರೂ ಅದರ 4,000 ಅಡಿಯಷ್ಟು ಭಾಗವು ಬಿಲ್ಲಿನಂತೆ ಬಾಗಿ, 105 ಅಡಿಯವರೆಗೆ ಪಕ್ಕಕ್ಕೆ ಸರಿಯಿತು.

ಆಶ್ಚರ್ಯವೇನೆಂದರೆ, ಆ ದಿನ ಕೊಳವೆಯು ಒಡೆಯಲಿಲ್ಲ. ಪೆಟ್ಟು ಬಿದ್ದ ಸ್ಥಳದಲ್ಲಿ ಬಿರುಕು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯಿತು. ಹಡಗುಗಳ ಸಂಚಾರವನ್ನು ನೋಡಿಕೊಳ್ಳುವವರಿಗೆ ಅವು ಸರಿದುದು ತಿಳಿದಿತ್ತು. ಕೊಳವೆಯ ಒಡೆಯರಿಗೆ ಮಾತ್ರ ಯಾರೂ ಹೇಳಿಕಳುಹಿಸಲಿಲ್ಲ. ಒಂದು ಮಾತು ತಿಳಿಸಿದ್ದರೆ ಮುಳುಗುಗಾರರನ್ನಿಳಿಸಿ ಪರೀಕ್ಷಿಸಬಹುದಿತ್ತೆಂದು ನಮಗೆ ತೋರುತ್ತದೆ.

ಅಕ್ಟೋಬರ್ 1ರ ಸಂಜೆ ನಾಲ್ಕು ಗಂಟೆ ದಾಟಿದಾಗ ಸೋರಿಕೆಯನ್ನು ಸೂಚಿಸುವ ಎಚ್ಚರಿಕೆಯ ಗಂಟೆ ಮೊದಲು ಬಾರಿಸಿತು. ಕೆಲಸಗಾರರು ಕೊಳವೆಯನ್ನು ನಿಲ್ಲಿಸಿದರು, ಮತ್ತೆ ನಡೆಸಿದರು. ಪುನಃ ಗಂಟೆ, ಪುನಃ ಹಾಗೆಯೇ. ಅವರಿಗೆ ತಕ್ಕ ಶಿಕ್ಷಣವಿರಲಿಲ್ಲ. ಸುಮಾರು 14 ಗಂಟೆಗಳ ಮೇಲೆ, ಮರುದಿನ ಬೆಳಗ್ಗೆ, ಕೊಳವೆಯನ್ನು ಪೂರ್ಣವಾಗಿ ಮುಚ್ಚಿದಾಗ 25,000 ಗ್ಯಾಲನ್ನುಗಳಷ್ಟು ಎಣ್ಣೆಯು ಸಮುದ್ರವನ್ನು ಸೇರಿತ್ತು. ಆ ತೀರದಲ್ಲಿ ಸುಮಾರು ಎರಡು ತಿಂಗಳು ಮೀನುಗಾರಿಕೆ ನಿಂತುಹೋಯಿತು.

ಇದಕ್ಕೂ ಮುನ್ನ, 2018ರ ಮಾರ್ಚ್ 31ರಂದು, ಇಂಡೋನೇಷ್ಯದ ಬಾಲಿಕ್‌ಪಾಪಾನ್ ಕೊಲ್ಲಿಯಲ್ಲಿ ಕಲ್ಲಿದ್ದಲಿನ ಹಡಗೊಂದರ ಲಂಗರು ಇಂಥ ಕೊಳವೆಯನ್ನು ಹರಿಯಿತು. ನೀರಿನ ಮೇಲಿನ ಎಣ್ಣೆಗೆ ಬೆಂಕಿ ತಗುಲಿ ಐವರು ಮೃತರಾದರು.

ಅಮೆರಿಕದ ತನಿಖಾ ಮಂಡಳಿಯು 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣದ ಕುರಿತು ತನ್ನ ತೀರ್ಮಾನವನ್ನು ಪ್ರಕಟಿಸಿತು. ಹಡಗುಗಳ ತಂಗುದಾಣವನ್ನು ಕೊಳವೆಗೆ ಅಷ್ಟು ಸಮೀಪದಲ್ಲಿ ಗೊತ್ತುಮಾಡಿದ್ದೇ ಮುಖ್ಯ ಕಾರಣವೆಂದು ಅದು ಹೇಳಿತು. ಲಂಗರು ಹಾಕಿದ ಹಡಗು ಕೊಳವೆಯತ್ತ ಸರಿದರೆ ಕಾವಲುಗಾರರಿಗೆ ಗಂಟೆ ಕೇಳಿಸಬೇಕು, ಅವರು ಒಡನೆ ಕೊಳವೆಯವರಿಗೆ ತಿಳಿಸಬೇಕು ಎಂಬುದು ಅದರ ಸಲಹೆಗಳಲ್ಲಿ ಸೇರಿದೆ.